ಹದಿನೇಳನೇ ಲಕೋಟೆ

"ಸಾಲಲ್ಲಿ ಬನ್ನಿ!"

ಡಾಕ್ಟರಮ್ಮ ತಲೆಯೆತ್ತದೆಯೇ ಗದರಿದಳು. ಹೊರಗಿನ ಬೆಂಚುಗಳ ಮೇಲೆ ಇನ್ನೂ ಮೂವತ್ತು ಜನ ಕಾಯುತ್ತಿದ್ದರು.

"ನನಗೆ ಕಾಯಿಲೆ ಇಲ್ಲ ಮೇಡಂ. ವಿಶ್ವವಿದ್ಯಾಲಯದಿಂದ ತಪಾಸಣೆಗೆ ಬಂದಿದ್ದೀನಿ. ನಿಮ್ಮ ಸಂಶೋಧನೆಯ ಕಾಗದಗಳನ್ನ ನೋಡ್ಬೇಕು."

"ಹಾಗಾದ್ರೆ ಇವರೆಲ್ಲರ ಕಾಯಿಲೆ ಮುಗಿಯೋ ತನಕ ಕಾಯಿರಿ!"

ಅವನು ಮೂರು ಗಂಟೆ ಕಾದ. ತುಟಿ ಪಿಟಕ್ಕೆನ್ನದೆ ಕಾದ. ಅವಳಿಗೆ ಅದರಿಂದಲೇ ಸಿಟ್ಟು ಬಂತು... ಅದೇ ಇಷ್ಟವೂ ಆಯಿತು.

ಬಿದ್ದು ಮೂಳೆ ಮುರಿದುಕೊಳ್ಳುವ ಮುದುಕರನ್ನು ನೋಡಿ ನೋಡಿ ಸಾಕಾಗಿ ಅವಳೇ ಶುರುಮಾಡಿದ ಅಧ್ಯಯನವದು. ಅರ್ಧ ಜನರಿಗೆ ಮನೆಗೇ ಬಂದು ವ್ಯಾಯಾಮ ಕಲಿಸುತ್ತಾರೆ. ಉಳಿದವರಿಗೆ ಬರೀ ಸಲಹೆಯ ಚೀಟಿ. ಯಾರಿಗೆ ಯಾವುದೆಂದು, ಬಂದವರ ಸರದಿಯಂತೆ ಒಂದೊಂದಾಗಿ ಒಡೆಯುವ ನಂಬರು ಹಾಕಿದ ಮುಚ್ಚಿದ ಲಕೋಟೆ ಹೇಳಬೇಕು, ಡಾಕ್ಟರ್ ಅಲ್ಲ. ದೊಡ್ಡ ಆಸ್ಪತ್ರೆಯಲ್ಲಾದರೆ ಲಕೋಟೆ ಒಡೆಯಲು ಬೇರೆಯೇ ಒಬ್ಬರಿರುತ್ತಾರೆ. ಇಲ್ಲಿ ನಾಡಿ ಹಿಡಿಯುವವಳೂ ಅವಳೇ, ಲಕೋಟೆ ಒಡೆಯುವವಳೂ ಅವಳೇ, ಊಟ ಬಿಟ್ಟು ಫಾರಂ ತುಂಬುವವಳೂ ಅವಳೇ!

ಅವನು ಪ್ರತಿ ಮಂಗಳವಾರ ಬರತೊಡಗಿದ. ಅವಳ ಜೊತೆ ಕೂತು ಫಾರಂ ತುಂಬಿಸಿದ.

"ಲಕೋಟೆ ಸಾಹೇಬ್ರು ಬರೋ ದಿನ ಮಾತ್ರ ನೀಟಾಗಿ ತಲೆ ಬಾಚ್ಕೊಂಡು ಬರ್ತೀರಲ್ಲ?" ನರ್ಸಕ್ಕ ಕಾಲೆಳೆದಳು.

"ಸುಮ್ನಿರಕ್ಕ!"

ಎಂಟು ತಿಂಗಳ ಮೇಲೆ ಒಂದು ಮಂಗಳವಾರ ಅವನು ಎರಡು ಲಕೋಟೆಗಳನ್ನು ಪಕ್ಕಪಕ್ಕ ಇಟ್ಟ.

"ಹದಿನೆಂಟನೇದು ಹತ್ತು ಗಂಟೆಗೆ ಕೊಟ್ಟಿದ್ದೀರಿ. ಹದಿನೇಳನೇದು ಹತ್ತೂವರೆಗೆ. ಯಾಕೆ ಹಿಂದುಮುಂದಾಯ್ತು?"

ಅವಳು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟಳು.

ಅವತ್ತು ಮೊದಲು ಬಂದವನು ದರ್ಜಿ ತಾತ. ಎರಡು ಸಲ ಬಿದ್ದಿದ್ದ, ಎತ್ತಲು ಮನೆಯಲ್ಲಿ ಯಾರೂ ಇಲ್ಲ. ಹದಿನೇಳನೆಯದನ್ನು ಒಡೆದರೆ... ಚೀಟಿ! ಅವಳ ಮನಸ್ಸು ಒಪ್ಪಲಿಲ್ಲ. ಹದಿನೆಂಟನ್ನೂ ಒಡೆದಳು. ಅದರಲ್ಲಿದ್ದ ವ್ಯಾಯಾಮವನ್ನು ತಾತನಿಗೆ ಕೊಟ್ಟು, ಚೀಟಿಯನ್ನು ಅವನ ಹಿಂದೆ ಬಂದ ನಿವೃತ್ತ ಟೀಚರಮ್ಮನಿಗೆ ದಾಟಿಸಿದಳು. ಟೀಚರಮ್ಮ ಗಟ್ಟಿಮುಟ್ಟಾಗಿದ್ದರು. ಇಪ್ಪತ್ತು ವರ್ಷದಿಂದ ಬಲ್ಲವರಿಗೆ ಕಣ್ಣು ಮುಚ್ಚಿ ಹಂಚುವುದಾದರೂ ಹೇಗೆ?

"ಗಡಿಬಿಡೀಲಿ ಟೈಮ್ ತಪ್ಪು ಬರೆದಿರ್ಬೇಕು," ಅಂದಳು.

"ಖಂಡಿತಾನಾ?"

"ನನ್ನ ಮೇಲೆ ನಂಬಿಕೆ ಇಲ್ವಾ?"

ಅವನು ಅವಳನ್ನೇ ನೋಡಿದ. ಕಾಗದ ಎತ್ತಿಕೊಂಡು ಹೊರಟುಹೋದ.

ಹದಿನೈದು ದಿನಕ್ಕೆ ವಿಶ್ವವಿದ್ಯಾಲಯದ ಪತ್ರ ಬಂತು. ಟೋಕನ್ ಪುಸ್ತಕದ ಸರದಿ ನೋಡಿದರೆ ಲಕೋಟೆ ಅದಲುಬದಲಾಗಿದೆ. ಇಡೀ ಅಧ್ಯಯನ ರದ್ದು.

"ಒಂದೇ ಒಂದು ಲಕೋಟೆಗೆ ನನ್ನ ಮೂರು ವರ್ಷದ ಕೆಲಸಕ್ಕೆ ಕಲ್ಲು ಹಾಕಿದ್ರಾ?" ಅವಳು ಫೋನಿನಲ್ಲಿ ಕಿರುಚಿದಳು.

"ನಿಜ ಹೇಳಿದ್ರೆ ಅದೊಂದನ್ನ ತೆಗೆದು ಉಳಿದಿದ್ದನ್ನ ಉಳಿಸ್ಬಹುದಿತ್ತು. ಸುಳ್ಳು ಹೇಳಿದ್ಮೇಲೆ ಉಳಿದಿದ್ದನ್ನ ಹೇಗೆ ನಂಬ್ಲಿ?"

ಅವಳು ಫೋನ್ ಕುಕ್ಕಿದಳು. 'ಇವನಿಗೆ ಕಾಗದ ಹೆಚ್ಚು, ನಾನಲ್ಲ...'

ಮರು ತಿಂಗಳು ಟೀಚರಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು.

ಆಪರೇಷನ್ ಆಗಿ ಅವರು ಮನೆಗೆ ಬಂದ ಮೇಲೆ ಡಾಕ್ಟರಮ್ಮ ಧೈರ್ಯ ಮಾಡಿ ಹೋದಳು. ಬಾಗಿಲು ತೆರೆದಿತ್ತು.

"ಕುರ್ಚಿ ಗಟ್ಟಿಯಾಗಿ ಹಿಡ್ಕೊಳಿ... ಒಂದು... ಎರಡು..."

ಅವನ ದನಿ!

"ನೀವು... ಇಲ್ಲಿ?"

"ಫಿಸಿಯೋ ಹೇಳಿಕೊಟ್ಟಷ್ಟನ್ನ ದಿನಾ ಮಾಡಿಸ್ತೀನಿ," ಎಂದ ಅವನು, ಅವಳ ಮುಖ ನೋಡದೆ. "ಅಧ್ಯಯನ ಮುಗೀತಲ್ಲ. ಈಗ ಯಾರಿಗೆ ಬೇಕಾದ್ರೂ ಕಲಿಸ್ಬಹುದು."

ಟೀಚರಮ್ಮನಿಗೆ ಅವನು ಏನೂ ಹೇಳಿರಲಿಲ್ಲ. ಅದು ಅವಳೇ ಹೇಳಬೇಕಾದ ಮಾತು.

ಅವಳು ಅವರ ಕಾಲ ಬಳಿ ಕುಸಿದಳು. "ಟೀಚರಮ್ಮ... ನಿಮ್ಮ ಪಾಲಿಗೆ ಬರಬೇಕಿದ್ದ ವ್ಯಾಯಾಮ ನಾನು ದರ್ಜಿ ತಾತನಿಗೆ ಕೊಟ್ಟೆ. ಬೇಕು ಅಂತಲೇ ಕೊಟ್ಟೆ."

ಟೀಚರಮ್ಮ ಮೆಲ್ಲಗೆ ಕುರ್ಚಿಯಲ್ಲಿ ಕೂತರು.

"ಅವನು ಬಿದ್ನಾ?"

"ಇಲ್ಲ..."

"ನಾನು ಬಿದ್ದೆ. ನನಗಿಂತ ಅವನು ಹೆಚ್ಚಾದ್ನಾ ನಿಮಗೆ?"

ಅವಳು ಅವರ ಕಾಲು ಮುಟ್ಟಿದಳು.

"ಆಯ್ತು ಬಿಡಿ ಅಂತ ಇವತ್ತು ನನ್ನ ಬಾಯಲ್ಲಿ ಬರಲ್ಲ, ಡಾಕ್ಟರಮ್ಮ," ಎಂದರು ಟೀಚರಮ್ಮ. "ನಾಳೆ ಬನ್ನಿ. ನೋಡೋಣ."

ಮೆಟ್ಟಿಲ ಮೇಲೆ ಕೂತು ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅವನು ಬಂದು ಪಕ್ಕದಲ್ಲಿ ಕೂತ.

"ಇಷ್ಟನ್ನ ಅವತ್ತೇ ನನಗೆ ಹೇಳಿದ್ರೆ..."

"ಬೇರೆ ಯಾರೇ ಕೇಳಿದ್ರೂ ನಿಜ ಹೇಳಿರ್ತಿದ್ದೆ. ನಿಮ್ಮ ಕಣ್ಣಲ್ಲಿ ಸಣ್ಣವಳಾಗೋಕೆ ಆಗ್ಲಿಲ್ಲ..."



"ಬೇರೆ ಯಾರು ಸುಳ್ಳು ಹೇಳಿದ್ರೂ ನನಗೆ ಇಷ್ಟು ನೋಯ್ತಿರ್ಲಿಲ್ಲ," ಎಂದ ಅವನು, ಅವಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು.

"ನಾಳೆ ಅವರು ಒಳಗೇ ಬಿಡದಿದ್ರೆ?"

"ಬಾಗಿಲಲ್ಲಿ ನಿಂತಿರೋಣ. ಇಬ್ರೂ."