ದಿಮ್ಮಿಯ ಮುಂದೆ ನಿಂತ ಕುದುರೆ

ಫಿಡ್ಲರ್ ತನ್ನ ಕೈತಪ್ಪಿ ಹೋಗುತ್ತಾನೆ ಎಂಬ ಸುದ್ದಿ ಹೆಸ್ಟರ್‌ಗೆ ಸಿಕ್ಕಿದ್ದು ಕ್ರಿಸ್‌ಮಸ್ ಕೇಕಿನ ಜೊತೆಯಲ್ಲಿ. ಕುದುರೆಯ ಒಡತಿ ಮಿಸೆಸ್ ಡೇಕರ್ ಕೇಕನ್ನು ತಾವೇ ಕೊಯ್ದು, ದೊಡ್ಡ ಚೂರನ್ನೇ ಅವಳ ತಟ್ಟೆಗಿಟ್ಟು, ಆಮೇಲೆ ಬಾಯಿ ಬಿಟ್ಟರು.

"ಬೇಜಾರು ಮಾಡ್ಕೋಬೇಡ ಹೆಸ್ಟರ್. ಮಾರ್ಚ್‌ನಲ್ಲಿ ಮೊದಲನೇ ಸ್ಪರ್ಧೆಗೆ ನೀನೇ ಕರ್ಕೊಂಡು ಹೋಗು. ರೋರಿ ಬಂದು ನೋಡ್ತಾನೆ. ಆಮೇಲೆ ಕುದುರೆ ಅವನ ಲಾಯಕ್ಕೆ ಹೋಗ್ಲಿ. ಇಂಥ ಕುದುರೆಗೆ ಹೆಸರಿರೋ ಸವಾರ ಬೇಕಲ್ವಾ?"

"ಬೇಕೇ ಬೇಕು," ಎಂದಳು ಹೆಸ್ಟರ್. ಕೇಕನ್ನೂ ತಿಂದಳು, ಚೆನ್ನಾಗಿದೆ ಎಂದೂ ಹೇಳಿದಳು. ಮನೆಗೆ ಬಂದ ಮೇಲೆ ಅದು ಎದೆಯಲ್ಲೇ ಕೂತುಬಿಟ್ಟಿತು.

ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ; ಅದಕ್ಕೆ ಬೇರೆ ಹೆಸರಿಡುವಷ್ಟು ದಡ್ಡಳಲ್ಲ ಅವಳು. ಮೂರು ವರ್ಷದ ಮರಿಯಾಗಿ ಬಂದಾಗ ಫಿಡ್ಲರ್ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ. ಒಣಗಿದ ಎಲೆ ಉರುಳಿದರೆ ಎರಡು ಕಾಲ ಮೇಲೆ ನಿಲ್ಲುತ್ತಿದ್ದ, ಬಕೆಟ್ಟಿಗೆ ಬೆಚ್ಚುತ್ತಿದ್ದ, ತನ್ನ ನೆರಳಿಗೇ ಒದೆಯುತ್ತಿದ್ದ. ಆ ಕಿಡಿಗೇಡಿಯನ್ನು ಮುದ್ದಿಸಿ, ಗದರಿಸಿ, ಕಾದು, ಒಂದೊಂದಾಗಿ ಎಲ್ಲವನ್ನೂ ಕಲಿಸಿದವಳು ಅವಳು. ಈಗ ಅವನು ಅವಳನ್ನು ನಂಬಿ ಬೆಂಕಿಗಾದರೂ ಹಾರುತ್ತಿದ್ದ. ಹಿಂದೆಯೂ ಹೀಗೇ ಆಗಿತ್ತು. ಮರಿಯನ್ನು ತಿದ್ದಿ ತೀಡುವುದು ಹೆಸ್ಟರ್, ಮೆರವಣಿಗೆ ಹೊರಡುವುದು ಇನ್ಯಾರೋ. ಅವಳಿಗೆ ಐವತ್ತು ಹತ್ತಿರವಾಗಿತ್ತು. ಇಂಥ ಇನ್ನೊಂದು ಕುದುರೆ ಈ ಜನ್ಮದಲ್ಲಿ ಸಿಗುವುದಿಲ್ಲ ಎಂಬುದು ಅವಳ ಮೊಣಕಾಲುಗಳಿಗೂ ಗೊತ್ತಿತ್ತು.

ಹೋಗದೆ ಉಳಿದದ್ದು ಜೂನೋ ಎಂಬ ಒಂದೇ ಒಂದು ಹೆಣ್ಣು ಕುದುರೆ. ಅದಕ್ಕೆ ಅಡೆತಡೆಗಳ ಮುಂದೆ ಸುಮ್ಮನೆ ನಿಂತುಬಿಡುವ ಚಾಳಿಯಿತ್ತು. ಮಿಸೆಸ್ ಡೇಕರ್ ಏನನ್ನು ಬೇಕಾದರೂ ಸಹಿಸುತ್ತಿದ್ದರು, ಕಳ್ಳ ಕುದುರೆಯನ್ನು ಮಾತ್ರ ಸಹಿಸುತ್ತಿರಲಿಲ್ಲ. ಹಾರಬಲ್ಲದು, ಆದರೂ ಹಾರುವುದಿಲ್ಲ. ಅಂಥದ್ದನ್ನು ಆ ಸೀಮೆಯವರು ಕಳ್ಳ ಅನ್ನುತ್ತಾರೆ. "ಇದರ ಮುಖ ನನಗೆ ತೋರಿಸಬೇಡ, ಬೇಕಾದ್ರೆ ನೀನೇ ಇಟ್ಕೋ," ಎಂದಿದ್ದರು. ಜೂನೋ ಸಾಯುವ ತನಕ ಹೆಸ್ಟರ್‌ಳ ಹಿತ್ತಲಲ್ಲೇ ಮೇಯ್ದುಕೊಂಡಿತ್ತು.

ಯೋಜನೆ ಹುಟ್ಟಿದ್ದು ಅಲ್ಲಿಂದ: ಫಿಡ್ಲರ್ ಕೂಡ ಕಳ್ಳ ಅನ್ನಿಸಿಕೊಂಡರೆ ಅವಳಿಗೇ ಉಳಿಯುತ್ತಾನೆ. ಹುಟ್ಟಿದ ದಿನ ಅವಳಿಗೆ ನಾಚಿಕೆಯಾಯಿತು. ಮಾರನೆಯ ದಿನ ಅದಕ್ಕೆ ಕೈಕಾಲು ಮೂಡಿದವು.

ಒಂದೊಂದನ್ನೇ ತೂಗಿ ನೋಡಿದಳು. ಔಷಧ ಕೊಡುವಂತಿಲ್ಲ, ಸ್ಪರ್ಧೆಯ ವೈದ್ಯರು ಯಾವ ಕುದುರೆಯ ರಕ್ತವನ್ನಾದರೂ ತೆಗೆಯಬಹುದು. ಕುಂಟು ಮಾಡುವ ಮಾತೇ ಇಲ್ಲ. ಅವನ ಕೂದಲೂ ಕೊಂಕಬಾರದು. ಓಟ್ಸ್ ಹೆಚ್ಚು ತಿನ್ನಿಸಿ ಹುಚ್ಚೆಬ್ಬಿಸಬಹುದು, ಆದರೆ ವಸಂತದ ಮೊದಲ ಸ್ಪರ್ಧೆಯಲ್ಲಿ ಎಳೆಯ ಕುದುರೆ ಕುಣಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ನಕ್ಕು ಸುಮ್ಮನಾಗುತ್ತಾರೆ. ನೀರಿನ ಹೊಂಡದ ಮುಂದೆ ನಿಂತರೂ ಅಷ್ಟೇ: ಮಗು, ಇನ್ನೂ ಕಲಿಯಬೇಕು ಎನ್ನುತ್ತಾರೆ. ನೀರಿಗೆ ಹೆದರಿದ್ದು ಮಗು, ಬರಿಯ ಮರದ ದಿಮ್ಮಿಗೆ ನಿಂತದ್ದು ಕಳ್ಳ. ದಿಮ್ಮಿಯೇ ಆಗಬೇಕು. ಹಳ್ಳಿಯ ಮಕ್ಕಳ ಕುಳ್ಳ ಕುದುರೆಗಳೂ ದಾಟುವಂಥ ದಿಮ್ಮಿ, ಹಗಲು ಬೆಳಕಿನಲ್ಲಿ, ಡೇಕರ್ ಮತ್ತು ರೋರಿಯ ಕಣ್ಣೆದುರಿಗೆ. ಒಂದೇ ಕಡೆ ಮೂರು ಸಲ ನಿಂತರೆ ಸ್ಪರ್ಧೆಯಿಂದಲೇ ಹೊರಗೆ. ಅಲ್ಲಿಗೆ ಕಳ್ಳ ಎಂಬ ಪಟ್ಟ ಕಟ್ಟಿದ ಹಾಗೆ.

ತಾನಾಗಿ ನಿಲ್ಲುವ ಕುದುರೆಯಲ್ಲ ಅವನು. ನಿಲ್ಲುವುದನ್ನು ಕಲಿಸಬೇಕಿತ್ತು. ಜನವರಿಯ ಮಂಜಿನ ಬೆಳಗುಗಳಲ್ಲಿ, ಗುಡ್ಡದ ಹಿಂದೆ ಬಿದ್ದ ಒಂದು ಓಕ್ ಮರದ ಮುಂದೆ, ಅವಳು ಅದನ್ನೇ ಕಲಿಸಿದಳು. ಲಗಾಮಿನ ಎಡಗಡೆ ಕಿರುಬೆರಳು ಮುಚ್ಚಬೇಕು, ಸೊಂಟ ಒಂದಿಷ್ಟು ಹಿಂದಕ್ಕೆ ವಾಲಬೇಕು. ಪಕ್ಕದಲ್ಲಿ ನಿಂತವರಿಗೂ ಕಾಣದಷ್ಟು ಸಣ್ಣ ಸನ್ನೆ. ಮೊದಲ ದಿನ ಅವನಿಗೆ ಅರ್ಥವಾಗಲಿಲ್ಲ, ಹಾರಿಯೇಬಿಟ್ಟ. ಹಾರಿ, ಶಭಾಷ್ ಬರಲಿಲ್ಲವಲ್ಲ ಎಂದು ಕಿವಿ ಹಿಂದಕ್ಕೆ ತಿರುಗಿಸಿ ಕಾದ. ಹೆಸ್ಟರ್‌ಗೆ ಆ ಕಿವಿಗಳನ್ನು ನೋಡಲಾಗಲಿಲ್ಲ. ಆದರೆ ಕೆಲಸ ಬಿಡಲಿಲ್ಲ; ನಿಂತಾಗಲೆಲ್ಲ ಕತ್ತು ತಟ್ಟಿದಳು. ಫೆಬ್ರವರಿ ಮುಗಿಯುವ ಹೊತ್ತಿಗೆ ಅವನು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ ನಿಲ್ಲುತ್ತಿದ್ದ.

ಸ್ಪರ್ಧೆಯ ದಿನ ಗಾಳಿ ಚೂರಿಯ ಹಾಗಿತ್ತು. ನಡಿಗೆ, ಕಂಬ ಹಾರುವುದು, ತಡೆಗಳನ್ನು ದಾಟುವ ಬಯಲೋಟ, ಮೂರೂ ಅದೇ ದಿನ. ಕುದುರೆ ಲಾರಿಯನ್ನು ನಡೆಸಿದ್ದು ಪಕ್ಕದ ಹೊಲದ ಡಿಲಿಸ್. ಹೆಸ್ಟರ್‌ಳ ಹಳೆಯ ಗೆಳತಿ, ಬಾಯಿಗೆ ಬೀಗವಿಲ್ಲದ ಹೆಂಗಸು. ಲಾರಿಯ ಬಾಗಿಲು ಇಳಿಸಿದ್ದೇ ತಡ, ಫಿಡ್ಲರ್ ಬಾವುಟಗಳನ್ನು ನೋಡಿದ, ಧ್ವನಿವರ್ಧಕ ಕೇಳಿದ, ಊರಿಗೆಲ್ಲ ಕೇಳುವಂತೆ ಕೆನೆದ.

"ಅಯ್ಯೋ ನಿನ್ನ! ಮದುವೆ ಗಂಡಿನ ಹಾಗೆ ಆಡ್ತಾನಲ್ಲೇ!" ಎಂದಳು ಡಿಲಿಸ್, ಹಗ್ಗಕ್ಕೆ ಜೋತುಬಿದ್ದು. "ನನ್ನ ಕಾಲು ತುಳಿದ, ಮೊಣಕೈ ಕಚ್ಚಿದ. ಇನ್ನೇನು ಬಾಕಿ ಇದೆ ಕೇಳು."

"ನಿನ್ನ ಟೋಪಿ."

"ಅದನ್ನ ಆಗಲೇ ತಿಂದಾಯ್ತು ಕಣೇ."

ಹೆಸ್ಟರ್ ನಕ್ಕಳು. ನಕ್ಕದ್ದಕ್ಕೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಎಲ್ಲರಂತೆ ಬೂಟು ಹಾಕಿಕೊಂಡು ಬಯಲೋಟದ ದಾರಿಯನ್ನು ಮೊದಲು ಕಾಲ್ನಡಿಗೆಯಲ್ಲಿ ನೋಡಿ ಬಂದಳು. ಬೇಕಾದದ್ದು ಚಹಾ ಗಾಡಿಯ ಎದುರಿಗೇ ಸಿಕ್ಕಿತು: ಆರನೆಯ ತಡೆ, ನುಣ್ಣನೆಯ ದಪ್ಪ ದಿಮ್ಮಿ, ಮುಂದೆ ಸಮತಟ್ಟು ಹುಲ್ಲು. ಬಿಸಿ ಚಹಾ ಇರುವ ಕಡೆ ಕುದುರೆ ಒಡೆಯರು ಇರುತ್ತಾರೆ. ದಿಮ್ಮಿಯ ಪಕ್ಕದಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಕೂತಿದ್ದ ತೀರ್ಪುಗಾರ ಮುದುಕ ಕಂಬಳಿ ಹೊದ್ದು ಸಾಸೇಜ್ ತಿನ್ನುತ್ತಿದ್ದ.

"ಇದೇನಮ್ಮ ಇಷ್ಟು ಹೊತ್ತು ನೋಡ್ತೀಯ? ಇದನ್ನ ನಮ್ಮಜ್ಜಿನೂ ಹಾರ್ತಾಳೆ," ಎಂದ.

"ಅದಕ್ಕೇ," ಎಂದಳು ಹೆಸ್ಟರ್.

ಬಿಳಿ ಬೇಲಿಯೊಳಗಿನ ನಡಿಗೆ ಪರೀಕ್ಷೆಯಲ್ಲಿ ಫಿಡ್ಲರ್ ನಡೆಯಲೇ ಇಲ್ಲ, ಕುಣಿದ. ನಿಲ್ಲಬೇಕಾದ ಕಡೆ ಸುತ್ತಿದ, ಸುತ್ತಬೇಕಾದ ಕಡೆ ನಿಂತು ತೀರ್ಪುಗಾರರ ಕಾರನ್ನು ಬಾಯಿಬಿಟ್ಟು ನೋಡಿದ. ಅಂಕ ಪಾತಾಳಕ್ಕೆ ಇಳಿಯಿತು, ಯಾರಿಗೂ ಬೇಸರವಾಗಲಿಲ್ಲ. ಆದರೆ ಬಣ್ಣದ ಕಂಬಗಳನ್ನು ಹಾರುವ ಹೊತ್ತಿಗೆ ಅವನ ಗಮನವೆಲ್ಲ ಅವಳ ಮೇಲೆ ಬಂತು. ಒಂದು ಕಂಬವನ್ನೂ ಮುಟ್ಟಲಿಲ್ಲ. ಪ್ರತಿ ಹಾರಾಟದಲ್ಲೂ ಇನ್ನೊಂದು ಇದೆಯಾ, ಇನ್ನೊಂದು ಇದೆಯಾ ಎಂದು ಕೇಳುವವನ ಹಾಗೆ ಮುಂದಕ್ಕೆ ಎಳೆದ. ಅವಳು ಹೊರಗೆ ಬಂದಾಗ ರೋರಿ ಬೇಲಿಯ ಹತ್ತಿರ ನಿಂತಿದ್ದ. ಇಪ್ಪತ್ತೇಳರ ಹುಡುಗ, ಕೆಟ್ಟವನಲ್ಲ, ಅದೇ ತೊಂದರೆ.

"ಏನ್ ಕುದುರೆ ಮಾಡಿದೀರಿ ಹೆಸ್ಟರ್! ನನ್ನ ಹತ್ರ ಇರೋವೆಲ್ಲ ಇದರ ಮುಂದೆ ಕತ್ತೆಗಳು. ನಿಜ ಹೇಳ್ತೀನಿ, ನಿಮ್ಮಿಂದ ತಗೊಳ್ಳೋಕೆ ನಾಚಿಕೆ ಆಗ್ತಿದೆ."

"ನಾಚಿಕೆ ಯಾಕೆ? ನೀನಲ್ಲದಿದ್ರೆ ಇನ್ನೊಬ್ಬ ತಗೋತಾನೆ," ಎಂದಳು ಅವಳು.

ಆಗ ಒಂದು ಗಳಿಗೆ ಎಲ್ಲವನ್ನೂ ಬಿಟ್ಟುಬಿಡೋಣ ಅನ್ನಿಸಿತು. ಹೋಗಲಿ, ಅವನು ದೊಡ್ಡ ದೊಡ್ಡ ಸ್ಪರ್ಧೆಗಳಲ್ಲಿ ಹಾರಲಿ, ತಾನು ಬೇಲಿಯ ಹೊರಗೆ ನಿಂತು ಚಪ್ಪಾಳೆ ಹೊಡೆದರಾಯಿತು. ಆದರೆ ಫಿಡ್ಲರ್ ಬೆವರಿದ ಹಣೆಯನ್ನು ಅವಳ ಕೋಟಿಗೆ ತಿಕ್ಕಿದ, ಆ ಗಳಿಗೆ ಮುಗಿದುಹೋಯಿತು. ಪ್ರೀತಿಗೂ ಕಳ್ಳತನಕ್ಕೂ ನಡುವೆ ಇರುವ ಗೋಡೆ ಬಹಳ ತೆಳು ಎಂದು ಅವಳು ಅಂದುಕೊಂಡಳು. ಹಾಗೆ ಅಂದುಕೊಂಡರೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಬಯಲೋಟ ಶುರುವಾಯಿತು. ಮೊದಲ ಐದು ತಡೆಗಳನ್ನು ಅವನು ನುಂಗಿಬಿಟ್ಟ. ಚಹಾ ಗಾಡಿ ಕಂಡಿತು. ಅದರ ಪಕ್ಕ ಮಿಸೆಸ್ ಡೇಕರ್‌ರ ಹಸಿರು ಟೋಪಿ, ರೋರಿಯ ಕೆಂಗೂದಲ ತಲೆ. ಫಿಡ್ಲರ್ ದಿಮ್ಮಿಯನ್ನು ನೋಡಿ ಕಿವಿ ನಿಮಿರಿಸಿದ, ವೇಗ ಹೆಚ್ಚಿಸಿದ. ಅವಳು ಕಿರುಬೆರಳು ಮುಚ್ಚಿದಳು. ಅವನ ಬೆನ್ನಿನಲ್ಲಿ ಒಂದು ಪ್ರಶ್ನೆ ಹಾದುಹೋದದ್ದು ಅವಳ ತೊಡೆಗಳಿಗೆ ಗೊತ್ತಾಯಿತು: ಇಲ್ಲಿಯೂನಾ? ಹೌದು, ಎಂದಳು ಅವಳು, ಸೊಂಟ ವಾಲಿಸಿ. ಅವನು ನಿಂತ.

ಜನ ಓಹೋ ಎಂದರು. ಯೋಜನೆಯ ಪ್ರಕಾರ ಈಗ ಚಾವಟಿ ಎತ್ತಬೇಕಿತ್ತು, ಸಿಟ್ಟು ತೋರಿಸಬೇಕಿತ್ತು. ಅದೊಂದು ಅವಳಿಂದ ಆಗಲಿಲ್ಲ. ಪರವಾಗಿಲ್ಲ, ಎಳೆಯ ಕುದುರೆಗೆ ಹೊಡೆಯದವರು ಎಷ್ಟೋ ಜನ ಇದ್ದಾರೆ. ಸುತ್ತು ಹಾಕಿ ಮತ್ತೆ ತಂದಳು. ಎರಡನೆಯ ಸಲವೂ ನಿಂತ. ಮೂರನೆಯ ಸಲ ಅವಳು ಸನ್ನೆ ಮಾಡುವ ಮೊದಲೇ ನಿಂತುಬಿಟ್ಟ. ಅವಳಿಗೆ ಬೇಕಾದದ್ದು ಇದೇ ಎಂದು ತಿಳಿದುಕೊಂಡು, ಅವಳಿಗೆ ಸಂತೋಷವಾಗಲಿ ಎಂದು, ತಾನಾಗಿ ನಿಂತ. ಹೆಸ್ಟರ್‌ಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಸಾಕಮ್ಮ, ಮುಗೀತು. ಮೆಲ್ಲಗೆ ವಾಪಸ್ ಕರ್ಕೊಂಡು ಹೋಗು," ಎಂದ ಮುದುಕ, ಕನಿಕರದಿಂದ. "ಛೇ, ಎಂಥ ಒಳ್ಳೆ ಕುದುರೆ!"

ಅವಳು ಇಳಿದು, ಲಗಾಮು ಹಿಡಿದು ನಡೆದುಬಂದಳು. ಎಲ್ಲ ಅಂದುಕೊಂಡಂತೆಯೇ ಆಗಿತ್ತು. ಡಿಲಿಸ್ ಎದುರಿಗೆ ಬಂದು, ಈ ಸಲ ತಮಾಷೆ ಮಾಡದೆ, ಅವನ ಬೆನ್ನಿಗೆ ಕಂಬಳಿ ಹೊದಿಸಿದಳು. ಹಿಂದೆಯೇ ರೋರಿ ಬಂದ. ಅವನ ಮುಖ ನೋಡಿದರೆ ಯಾರೋ ಸತ್ತ ಹಾಗಿತ್ತು.

"ನೀರಿಗಾದ್ರೆ ನಾನು ತಿದ್ದಿಬಿಡ್ತಿದ್ದೆ. ದಿಮ್ಮಿಗೆ? ಹೆದರಿಕೇನೇ ಇರ್ಲಿಲ್ಲ ಕಣ್ರೀ ಅವನಿಗೆ. ಬೇಕಂತ್ಲೇ ನಿಂತ. ಇವನು ಕಳ್ಳ, ಹೆಸ್ಟರ್. ಕ್ಷಮಿಸಿ, ನನಗೆ ಬೇಡ."

ಆ ಮಾತನ್ನೇ ಕೇಳಬೇಕೆಂದು ಅವಳು ಚಳಿಗಾಲವಿಡೀ ಕಾದಿದ್ದಳು. ಕೇಳಿದಾಗ ಮುಖಕ್ಕೆ ಉಗಿದಂತಾಯಿತು. ಕಳ್ಳ ಅವನಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹಲ್ಲು ಕಚ್ಚಿ ತಡೆದಳು. ಇನ್ನೊಂದೇ ಮಾತು ಬಾಕಿ ಇತ್ತು, ಬೇಕಾದ್ರೆ ನೀನೇ ಇಟ್ಕೋ ಎಂಬುದು. ಅದು ಬಂದ ಮೇಲೆ ತನ್ನ ಆಯುಷ್ಯವೆಲ್ಲ ಈ ಕುದುರೆಯ ಕ್ಷಮೆ ಕೇಳುತ್ತ ಕಳೆಯಬಹುದು ಎಂದುಕೊಂಡು ಅವನ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಳು.

ಮಿಸೆಸ್ ಡೇಕರ್ ಕೊನೆಗೆ ಬಂದರು. ಕೈಯಲ್ಲಿದ್ದ ಚಹಾ ಆರಿಹೋಗಿತ್ತು. ಕುದುರೆಯ ಕಡೆ ಅವರು ನೋಡಲಿಲ್ಲ. "ರೋರಿ, ನಿನ್ನ ಲಾರಿ ಇಲ್ಲಿಗೇ ತಗೊಂಡ್ಬಾ. ಇವನು ಈಗ್ಲೇ ನಿನ್ನ ಜೊತೆ ಬರ್ತಾನೆ," ಎಂದರು. "ಕಳ್ಳನ್ನ ತಗೊಂಡು ನಾನೇನು ಮಾಡ್ಲಿ?" ಎಂದ ರೋರಿ. "ಕಳ್ಳ ಅಲ್ಲ ಕಣಪ್ಪ, ಇವನಷ್ಟು ಹೇಳಿದ ಮಾತು ಕೇಳೋ ಕುದುರೆ ನಾನು ಇನ್ನೊಂದು ನೋಡಿಲ್ಲ," ಎಂದು ಅವರು ಹೆಸ್ಟರ್ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅವಳ ಪರವಾಗಿ ತಾವೇ ನಾಚಿಕೊಂಡವರ ಹಾಗಿತ್ತು. "ಕೇಳಿದ್ದು ಮಾಡಿದ್ರೆ ಆ ಕ್ಷಣಾನೇ ಕುದುರೆ ಕತ್ತು ತಟ್ಟಬೇಕು, ಮಾಡದಿದ್ರೆ ಸತ್ರೂ ತಟ್ಟಬಾರದು ಅಂತ ನನಗೆ ಕಲಿಸಿದವಳು ನೀನು. ಮೂರು ಸಲ ನಿಂತ. ಮೂರು ಸಲಾನೂ ನೀನು ತಟ್ಟಿದೆ, ಹೆಸ್ಟರ್." ಅವಳಿಗೆ ನೆನಪೇ ಇರಲಿಲ್ಲ. ಗುಡ್ಡದ ಹಿಂದಿನ ಮಂಜಿನಲ್ಲಿ ದಿನಾ ಮಾಡಿದ ಕೆಲಸವನ್ನು ಕೈ ತನ್ನಷ್ಟಕ್ಕೆ ಇಲ್ಲಿಯೂ ಮಾಡಿತ್ತು. ರೋರಿ ಲಾರಿ ತರಲು ಹೋದ, ಡಿಲಿಸ್ ಬೇರೆ ಕಡೆ ನೋಡಿದಳು. ಹೆಸ್ಟರ್‌ಳ ಕೈ ಆಗಲೂ ಫಿಡ್ಲರ್‌ನ ಕತ್ತಿನ ಮೇಲೆಯೇ ಇತ್ತು.