ಮುಖ ಕಾಣದ ದನಿ

ಬೇಸಿಗೆ ಅದೇ ತಾನೇ ಕಾಲಿಟ್ಟಿತ್ತು. ಮಧ್ಯಾಹ್ನ ಮೂರರ ಹೊತ್ತು, ಬಿಸಿಲು ಓರೆಯಾಗಿ ಬಂದು ನೇರ ಕೆನ್ನೆಗೇ ತಾಗುವ ಹೊತ್ತು. ಕೆಲಸದ ನಡುವೆ ಎದ್ದು, ಫೋಟೋ ಸ್ಟುಡಿಯೋದ ಮೆಟ್ಟಿಲ ಮೇಲೆ ಗುಬ್ಬಿ ಒಬ್ಬನ ದಾರಿ ಕಾಯುತ್ತಾ ಮೊದಲ ಸಲ ಬಂದು ನಿಂತದ್ದು ಆಗ.

ಗುಬ್ಬಿ ಅನ್ನುವುದು ಮನೆಯವರಿಟ್ಟ ಮುದ್ದಿನ ಹೆಸರು. ಸ್ಟುಡಿಯೋದಲ್ಲಿ ಅವಳ ಕೆಲಸ ಊರವರ ಮುಖ ತಿದ್ದುವುದು. ಕಂಪ್ಯೂಟರಿನ ಮುಂದೆ ಕೂತು ಒಬ್ಬರ ಮೊಡವೆ, ಇನ್ನೊಬ್ಬರ ಕಣ್ಣಡಿಯ ಕಪ್ಪು, ಎಲ್ಲ ಅಳಿಸಿ ಕೊಡುತ್ತಿದ್ದಳು. ಅವಳ ಕೆನ್ನೆಯ ಮೇಲೆ ಕಂದು ಕಲೆಯಾಗಿ ಹರಡಿದ್ದ ಬಂಗು ಮಾತ್ರ ಯಾವ ಮೌಸಿಗೂ ಬಗ್ಗುವಂಥದ್ದಲ್ಲ. ಅದಕ್ಕೇ ರಸ್ತೆಯಾಚೆಯ ಚರ್ಮದ ಕ್ಲಿನಿಕ್ಕಿಗೆ ತಿಂಗಳಿಗೊಮ್ಮೆ ಲೇಸರ್‌ಗೆ ಹೋಗುತ್ತಿದ್ದಳು.

ಲೇಸರ್ ಕೋಣೆಯ ರೀತಿಯೇ ಬೇರೆ. ಹೋದವರನ್ನು ಮಲಗಿಸಿ, ಕಣ್ಣಿನ ಮೇಲೆ ಬೆಳಕು ತೂರದ ಸ್ಟೀಲಿನ ಮುಚ್ಚಳ ಇಡುತ್ತಾರೆ. ಮಿಷನ್ ಹಿಡಿಯುವವನಿಗೂ ಟೋಪಿ, ಮಾಸ್ಕು, ದಪ್ಪ ಹಸಿರು ಕನ್ನಡಕ. ಹಾಗಾಗಿ ಚಳಿಗಾಲವಿಡೀ ಒಬ್ಬನೇ ಟೆಕ್ನಿಷಿಯನ್ ಅವಳ ಕೆನ್ನೆ ನೋಡಿಕೊಂಡರೂ ಅವನ ಮುಖ ಹೇಗಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ದನಿ. ಆಮೇಲೆ, ಮುಖ ಆ ಕಡೆ ತಿರುಗಿಸಲು ಗದ್ದಕ್ಕೆ ತಾಗುತ್ತಿದ್ದ ಎರಡು ಬೆರಳು.

"ಈಗ ಚುರ್ ಅನ್ನುತ್ತೆ ಮೇಡಂ. ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ."

"ನಿಮಗೆ ಯಾರು ಹಾಗೆ ಹೊಡೆದಿದ್ರು?"

"ನಮ್ಮಣ್ಣ. ದಿನಾ."

"ಅವರ ಮೇಲಿನ ಸಿಟ್ಟು ನನ್ನ ಕೆನ್ನೆ ಮೇಲೆ ತೀರಿಸ್ಕೋತಿದೀರಾ?"

ಮಾಸ್ಕಿನೊಳಗೆ ಅವನು ನಕ್ಕದ್ದು ಕೇಳಿಸಿತು. "ನಗಬೇಡಿ ಮೇಡಂ, ಕೆನ್ನೆ ಅಲ್ಲಾಡುತ್ತೆ."

"ನಗ್ತಿರೋದು ನೀವು!"

ಇಷ್ಟೇ ಮಾತು. ಆದರೂ ಹೊರಗೆ ಬಂದಾಗ ಅವಳ ಮುಖದಲ್ಲಿ ಲೇಸರಿನದಲ್ಲದ ಕೆಂಪು ಇರುತ್ತಿತ್ತು. ಸೋಫಾದಲ್ಲಿ ಕಾಯುತ್ತಿದ್ದ ಅಕ್ಕನ ಕಣ್ಣಿಗೆ ಅದು ಬೀಳದೆ ಇರುತ್ತಿರಲಿಲ್ಲ.

"ಬಂಗು ಹೋಗ್ತಿದೆಯೋ ಇಲ್ವೋ, ಬುದ್ಧಿಯಂತೂ ಹೋಗ್ತಿದೆ ಕಣೇ. ಮುಖಾನೇ ನೋಡದ ಗಂಡಸಿಗೆ ಇಷ್ಟು ಮರುಳಾ? ಏನಂತೆ ನಿನ್ನ ದನಿಸಾಹೇಬಂದು?"

"ಮುಖ ನೋಡಿ ನೋಡಿ ಸಾಕಾಗಿದೆ ಅಕ್ಕಾ. ದಿನಾ ಅದೇ ತಾನೇ ನನ್ನ ಕೆಲಸ."

ಬಾಯಲ್ಲಿ ಹಾಗೆಂದಳು. ಆದರೆ ರಿಸೆಪ್ಷನ್ನಿನ ಹುಡುಗಿ, ತಿಂಗಳ ಕೊನೆಗೆ ಟೆಕ್ನಿಷಿಯನ್ ಬೇರೆ ಊರಿನ ಹೊಸ ಕ್ಲಿನಿಕ್ಕಿಗೆ ಹೋಗುತ್ತಾನೆ ಎಂದಾಗ ಅವಳ ಜೀವ ಧಸಕ್ಕೆಂದಿತು. ಮುಂದಿನ ಲೇಸರ್ ತಿಂಗಳ ಕೊನೆಯ ಗುರುವಾರ. ಅದರ ಶನಿವಾರವೇ ಅವನ ಪ್ರಯಾಣ. ಆ ಕೈಯಲ್ಲಿ ಅದೇ ಕೊನೆಯದು. ಹೋಗುವ ಮುಂಚೆ ಮುಖವನ್ನಾದರೂ ನೋಡಬೇಡವೇ?

ಕ್ಲಿನಿಕ್ಕಿನವರು ಮೂರಕ್ಕೆ ಶಿಫ್ಟ್ ಮುಗಿಸಿ ಪಕ್ಕದ ಗೇಟಿನಿಂದ ಬರುತ್ತಿದ್ದರು. ಸ್ಟುಡಿಯೋದ ಮೆಟ್ಟಿಲಿಂದ ಆ ಗೇಟು ಎದುರಿಗೇ ಕಾಣುತ್ತಿತ್ತು. ಅವಳು ದಿನಾ ಬಂದು ನಿಂತಳು. ಆ ದನಿಗೆ ಒಪ್ಪುವಂತಿದ್ದಾನೆ ಎಂದು, ಕೆಂಪು ಹೆಲ್ಮೆಟ್ ಹಿಡಿದು ಬರುವ ಎತ್ತರದ ಆಳೇ ಅವನಿರಬೇಕೆಂದು ಲೆಕ್ಕ ಹಾಕಿದಳು. ಒಮ್ಮೆ ಆ ಹೆಲ್ಮೆಟ್ಟಿನವನು ಅವಳತ್ತ ತಲೆಯಾಡಿಸಿದ. ಆ ದಿನ ಅವಳು ಒಬ್ಬ ಅಜ್ಜನ ಫೋಟೋದಲ್ಲಿ ಮೀಸೆಯನ್ನೇ ಅಳಿಸಿಬಿಟ್ಟು ಮಾಲೀಕರ ಹತ್ತಿರ ಬೈಸಿಕೊಂಡಳು.

ಬಿಸಿಲು ತನ್ನ ಕೆಲಸ ತಾನು ಮಾಡುತ್ತಿತ್ತು. ಗುರುವಾರ ಬೆಳಿಗ್ಗೆ ಕನ್ನಡಿ ನೋಡಿಕೊಂಡಳು. ಕೆನ್ನೆ ಇಡೀ ಕಂದಿ ಹೋಗಿತ್ತು. ಬಿಸಿಲು ತಿಂದ ಚರ್ಮಕ್ಕೆ ಲೇಸರ್ ಹೊಡೆದರೆ ಅದು ಕಲೆ ಯಾವುದು ಚರ್ಮ ಯಾವುದು ನೋಡುವುದಿಲ್ಲ, ಎಲ್ಲ ಸುಡುತ್ತದೆ, ಬೊಬ್ಬೆ ಏಳುತ್ತದೆ, ಉಳಿದರೆ ಬಿಳಿ ಕಲೆ ಉಳಿಯುತ್ತದೆ ಎಂದು ಡಾಕ್ಟರು ಮೊದಲ ದಿನವೇ ಎಚ್ಚರಿಸಿದ್ದರು. ನಿಜ ಹೇಳಿದರೆ ಇವತ್ತಿನದು ಮುಂದಕ್ಕೆ ಹೋಗುತ್ತದೆ. ಮುಂದಿನ ಸಲ ಬೇರೆ ಯಾರದೋ ಕೈ. ಅವಳು ಮುಖಕ್ಕೆ ತೆಳ್ಳಗೆ ಪೌಡರ್ ಹಚ್ಚಿ ಹೊರಟಳು.

ಒಳಗೆ ನರ್ಸ್ ಮುಖ ಒರೆಸಿ ಮಲಗಿಸಿ ಹೋದಳು. ಕಣ್ಣಿನ ಮೇಲೆ ತಣ್ಣನೆಯ ಮುಚ್ಚಳ ಕೂತಿತು. ಮಿಷನ್ ಗುಂಯ್‌ಗುಡುತ್ತಿತ್ತು.

"ಬಿಸಿಲಿಗೇನಾದ್ರೂ ಹೋಗಿದ್ರಾ?" ಪ್ರತಿ ಸಲ ಕೇಳುವ ಪ್ರಶ್ನೆಯೇ.

"ಇಲ್ಲ."

ಗದ್ದಕ್ಕೆ ಬೆರಳು ತಾಗಿತು. ಮುಖ ಬೆಳಕಿಗೆ ತಿರುಗಿತು. ಬೆರಳು ಅಲ್ಲೇ ನಿಂತಿತು.

"ಇನ್ನೊಂದ್ಸಲ ಕೇಳ್ತೀನಿ."

"ಇಲ್ಲ ಅಂದ್ನಲ್ಲ."

ಲೇಸರಿಗೆ ಮುಂಚೆ ಬಿಡುವ ತಂಪು ಗಾಳಿ ಕೆನ್ನೆಗೆ ಬೀಸಿತು. ಅವಳು ಮೊದಲ ಏಟಿಗೆ ಹಲ್ಲು ಕಚ್ಚಿ ಕಾದಳು. ಏಟು ಬೀಳಲಿಲ್ಲ. ಗಾಳಿ ನಿಂತಿತು.

"ಏಳಿ ಮೇಡಂ. ನಾನು ಹೊಡೆಯಲ್ಲ."

"ಯಾಕೆ? ಕೆನ್ನೆ ನಂದು. ಏನಾದ್ರೂ ಆದ್ರೆ ನನಗೇ ತಾನೇ?"

"ಕೆನ್ನೆ ನಿಮ್ಮದು. ಸುಡೋ ಕೈ ನಂದು." ದನಿಯಲ್ಲಿ ಇಷ್ಟು ದಿನ ಇಲ್ಲದ ಬಿರುಸು. "ದಿನಾ ಮೂರು ಗಂಟೆಗೆ ಆ ಮೆಟ್ಟಿಲ ಮೇಲೆ ನಿಲ್ತೀರಿ. ತಲೆ ಮೇಲೆ ಒಂದು ಚೂರು ಬಟ್ಟೇನೂ ಇಲ್ದೆ. ನನಗೆ ಕಣ್ಣಿಲ್ವಾ?"

ಅವಳು ಎರಡೂ ಕೈಯಲ್ಲಿ ಕೆನ್ನೆ ಮುಚ್ಚಿಕೊಂಡಳು.

"ನಾನು ಹೇಳಬಾರದು. ಆದ್ರೂ ಹೇಳ್ತೀನಿ. ಆ ಕೆಂಪು ಹೆಲ್ಮೆಟ್ಟಿನವರಿಗೆ ಮದುವೆಯಾಗಿದೆ. ಮಕ್ಕಳಿದ್ದಾರೆ. ನಮ್ಮ ಅಕೌಂಟ್ಸ್ ನೋಡೋರು. ಅವರಿಗೋಸ್ಕರ ಮುಖ ಹಾಳು ಮಾಡ್ಕೋಬೇಡಿ."

ಮುಚ್ಚಳದಡಿಯ ಕತ್ತಲಲ್ಲಿ ಗುಬ್ಬಿ ಮೆಲ್ಲನೆ ಕೇಳಿದಳು, "ಹಾಗಾದ್ರೆ… ಅದು ನೀವಲ್ವಾ?"

"ಯಾವುದು ನಾನು?"

"ಹೆಲ್ಮೆಟ್ಟು."

"ನನ್ನ ಹತ್ರ ಸೈಕಲ್ಲೂ ಇಲ್ಲ ಮೇಡಂ."

ಬಾಗಿಲು ತಟ್ಟಿದ ಸದ್ದು. "ಮುಗೀತಾ?" ಎಂದು ನರ್ಸ್ ಹೊರಗಿನಿಂದ ಕೇಳಿದಳು. "ಐದು ನಿಮಿಷ" ಅಂದ ಅವನು.

ಹೇಳಿದರೆ ಈಗ ಹೇಳಬೇಕು, ಇಲ್ಲದಿದ್ದರೆ ಇಲ್ಲ. ಕಣ್ಣು ಕಾಣದ್ದೇ ಅವಳಿಗೆ ಧೈರ್ಯವಾಯಿತು.

"ನಿಮ್ಮ ಮುಖ ನೋಡಬೇಕು ಅಂತಾನೇ ನಿಲ್ತಿದ್ದೆ. ಶನಿವಾರ ಹೊರಟುಹೋಗ್ತೀರಂತೆ. ಬರೀ ದನಿ ಇಟ್ಕೊಂಡು ನಾನೇನು ಮಾಡ್ಲಿ? ಬಿಸಿಲಿನ ವಿಷಯ ಹೇಳಿದ್ರೆ ಇವತ್ತು ವಾಪಸ್ ಕಳಿಸ್ತಿದ್ರಿ. ಅದಕ್ಕೇ ಸುಳ್ಳು ಹೇಳ್ದೆ."

ಮಿಷನ್ನಿನ ಗುಂಯ್ ಸದ್ದು ಸಣ್ಣದಾಗುತ್ತಾ ಹೋಗಿ ನಿಂತೇಬಿಟ್ಟಿತು. ಅವನು ಆಫ್ ಮಾಡಿದ್ದ.

"ಮುಚ್ಚಳ ತೆಗೀರಿ."

ತೆಗೆದಳು. ಟೋಪಿ, ಮಾಸ್ಕು, ಕನ್ನಡಕ ಮೂರೂ ಅವನ ಕೈಯಲ್ಲಿದ್ದವು. ಮೂಗಿನ ಮೇಲೆ ಕನ್ನಡಕದ ಗುರುತು, ಒಂದು ಕಿವಿ ಕೊಂಚ ಮುಂದಕ್ಕೆ. ಅಯ್ಯೋ, ಕಂಡ ಮುಖವೇ! ಹೆಲ್ಮೆಟ್ಟಿನವನ ಪಕ್ಕದಲ್ಲೇ ಬಂದು, ಒಂದು ಕ್ಷಣ ನಿಂತು, ಅವಳತ್ತ ನೋಡಿ ತಲೆ ತಗ್ಗಿಸಿ ಹೋಗುತ್ತಿದ್ದವನು. ಅಡ್ಡ ಬರುತ್ತಾನಲ್ಲ ಅಂತ ಅವಳು ಮನಸ್ಸಲ್ಲೇ ಶಪಿಸಿದ್ದೂ ಉಂಟು.

"ನಿರಾಸೆ ಆಯ್ತಾ?"

"ಹೆಲ್ಮೆಟ್ಟು ಸ್ವಲ್ಪ ಎತ್ತರ ಇದ್ರು."

"ಹ್ಞೂ."

"ಆದ್ರೆ ನನ್ನ ಕೆನ್ನೆಗೋಸ್ಕರ ಅವರು ಯಾವತ್ತೂ ನಂಗೆ ಗದರಿಲ್ಲ," ಎಂದು ಗುಬ್ಬಿ ಕಣ್ಣೊರೆಸಿಕೊಂಡು ನಕ್ಕಳು.

ಅವನು ನಗಲಿಲ್ಲ. "ಇವತ್ತು ಲೇಸರ್ ಇಲ್ಲ. ಕೆನ್ನೆ ತಿಳಿಯಾಗೋ ತನಕ ಬೇಡ. ಡಾಕ್ಟರಿಗೆ ಅದನ್ನ ಹೇಳ್ತೀನಿ. ಜೊತೆಗೆ, ಶನಿವಾರ ಹೋಗದೇ ಇದ್ರೂ ನಿಮ್ಮ ಮುಖದ ಮೇಲೆ ನಾನು ಇನ್ನು ಮಿಷನ್ ಹಿಡಿಯೋದಿಲ್ಲ ಅಂತಾನೂ ಹೇಳ್ತೀನಿ."

"ನನ್ನ ಮೇಲೆ ಅಷ್ಟು ಸಿಟ್ಟಾ?"

"ಮಿಷನ್ನಿನ ಪೆಡಲ್ ಮೇಲೆ ಕಾಲಿಟ್ಟಿದ್ದೆ. ಒತ್ತೋಕೆ ಆಗ್ಲಿಲ್ಲ." ಅವನು ಕನ್ನಡಕವನ್ನು ಸುಮ್ಮನೆ ಒರೆಸುತ್ತಾ ನಿಂತ. "ಬಿಸಿಲೊಂದೇ ಕಾರಣ ಅಂದ್ರೆ ನಾನೂ ಸುಳ್ಳು ಹೇಳಿದ ಹಾಗಾಗುತ್ತೆ."

ಇಬ್ಬರೂ ಒಟ್ಟಿಗೇ ಹೊರಗೆ ಬಂದರು. ಅಕ್ಕ ಸೋಫಾದಿಂದ ಎದ್ದು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇವರೇನಾ?"

"ಹ್ಞೂ ಅಕ್ಕಾ."

"ಏನಪ್ಪಾ, ನಮ್ಮನೆಗೆ ಯಾವಾಗ ಬರ್ತೀಯಾ? ಹೊರಡೋ ಮುಂಚೆ ಬಾ. ಅಮ್ಮನಿಗೆ ಬರೀ ದನಿ ಸಾಕಾಗಲ್ಲ."

ಅವನು ಶುಕ್ರವಾರ ಸಂಜೆ ಬಂದು ಅಮ್ಮನೆದುರು ಕೂತು, ಕೇಳಿದ್ದಕ್ಕೆಲ್ಲ ಉತ್ತರ ಹೇಳಿ ಒಪ್ಪಿಗೆ ಪಡೆದ. ಶನಿವಾರ ಬೆಳಗಿನ ಬಸ್ಸಿಗೆ ಹೊರಟುಹೋದ. ಕೆನ್ನೆ ತಿಳಿಯಾದ ಮೇಲೆ, ಬೇಸಿಗೆ ಮುಗಿಯುವ ತನಕ ಗುಬ್ಬಿ ಹೊಸ ಟೆಕ್ನಿಷಿಯನ್ ಹೆಂಗಸಿನ ಕೈಯಲ್ಲಿ ಬಾಯಿಬಿಡದೆ ಲೇಸರ್ ಮಾಡಿಸಿಕೊಂಡಳು. ಬಂಗು ಅರ್ಧ ಹೋಯಿತು, ಅರ್ಧ ಉಳಿಯಿತು. ಇನ್ನೂ ಆಗಲಿ ಎಂದು ಡಾಕ್ಟರು ಹೇಳಿದರು, ಇಷ್ಟು ಸಾಕು ಎಂದು ಅವಳು ಹೇಳಿದಳು. ಮಳೆ ಹಿಡಿದ ಮೊದಲ ವಾರ ಇಬ್ಬರ ಮದುವೆ ರಿಜಿಸ್ಟರ್ ಆಯಿತು. ಆ ವಾರದ ಬುಧವಾರ ಗುಬ್ಬಿ ಗಂಡನ ಊರಿಗೆ ಹೊರಟಳು. ಬಸ್ಸಿನವರೆಗೂ ರೇಗಿಸುತ್ತಲೇ ಬಂದ ಅಕ್ಕ, ಬಸ್ಸು ತಿರುಗಿದ ಮೇಲೆ ಅಲ್ಲೇ ನಿಂತು ಅತ್ತಳು.