ಹೂಂ ಎನ್ನುವವರಿಲ್ಲದ ತಂತಿ

ಬೆಟ್ಟ, ಗಾಳಿ, ನೀರು ಮಾತಾಡುತ್ತಿದ್ದ ಕಾಲವದು. ಬೆಳ್ಳಿಗಿರಿ ರಾಜ್ಯದಲ್ಲಿ ಒಂದು ಬೆಳಿಗ್ಗೆ ಹೊನ್ನಿ ರೊಟ್ಟಿ ತಟ್ಟುತ್ತಿದ್ದಾಗ ಅರಮನೆಯ ಆಳು ಓಡಿಬಂದ. "ತಂತಿ ಮೂಕವಾಗಿದೆ. ರಾಣಿಯವರು ಕರೆಯುತ್ತಿದ್ದಾರೆ, ಬಾರವ್ವ."

ಅರಮನೆಯ ಗೋಪುರಕ್ಕೆ ದೂರದ ದನಿ ತರುವ ಒಂದೇ ಬೆಳ್ಳಿತಂತಿ, ಅದಕ್ಕೆ ಮೂರು ಕೊಕ್ಕೆ. ಒಂದರಾಚೆ ಗಾಳಿ ಅಳೆಯುವ ಹದ್ದು, ಒಂದರಾಚೆ ಕಾಡ್ಗಿಚ್ಚು ಕಾಯುವ ಉಡ, ಇನ್ನೊಂದರಾಚೆ ಮಾಯಾಕೆರೆಯ ಆಮೆ. ಆ ಕೆರೆಯ ನೀರು ಆಮೆಗಲ್ಲದೆ ಯಾರ ಕಣ್ಣಿಗೂ ಕಾಣದು. ಗೋಪುರದಿಂದ ಯಾರ ಹೆಸರು ಕರೆದರೋ ಅವರೇ ಮಾತಾಡಬೇಕು, ಒಂದು ಮಾತಿಗೆ ಕೇಳುವವರ ಹೂಂ ಬಂದ ಮೇಲೆ ಇನ್ನೊಂದು ಮಾತು. ತಂತಿ ಕಾಯುತ್ತಿದ್ದ ಹೊನ್ನಿಯ ಅಪ್ಪ ಬೊಮ್ಮಯ್ಯ ಮೊನ್ನೆ ಆ ಗೋಪುರದಲ್ಲೇ, ಕೂತಲ್ಲೇ ತೀರಿಕೊಂಡಿದ್ದ.

ಹೊನ್ನಿ ಗೋಪುರ ಹತ್ತಿದಾಗ ಬೆಟ್ಟದ ಮೇಲೆ ಕಪ್ಪು ಮೋಡ ಕವಿದಿತ್ತು. ಕೆರೆ ತುಂಬಿದ್ದರೆ ತೂಬು ಎತ್ತಲೇಬೇಕು, ಇಲ್ಲವಾದರೆ ಕೆಳಕೇರಿ ಕೊಚ್ಚಿಹೋದೀತು. ತುಂಬದೆ ಎತ್ತಿದರೆ ಬೇಸಿಗೆಗೆ ಕುಡಿಯಲು ನೀರಿಲ್ಲ.

"ತಂತಿಗೆ ಪೀಡೆ ಹಿಡಿದಿದೆ, ಕತ್ತರಿಸಿ" ಎಂದ ಅರಮನೆಯ ಮಾಂತ್ರಿಕ. "ದೂರದ್ದನ್ನು ತೋರಿಸಲು ನನ್ನ ಕನ್ನಡಿ ಇದೆಯಲ್ಲ." ರಾಣಿಗೆ ತಾನೊಬ್ಬನೇ ಕಣ್ಣಾಗಬೇಕೆಂಬುದು ಅವನ ಆಸೆ.

"ನಿನ್ನ ಕೈಲಾಗುತ್ತದೆಯೇ, ಹೊನ್ನಿ?" ಎಂದು ಕೇಳಿದಳು ರಾಣಿ.

"ಒಂದೊಂದಾಗಿ ನೋಡುತ್ತೇನೆ, ತಾಯಿ."

ಹೊನ್ನಿ ಮೂರೂ ಕೊಕ್ಕೆ ಕಳಚಿದಳು. ಹದ್ದಿನದೊಂದನ್ನೇ ಸಿಕ್ಕಿಸಿ "ಗಾಳಿರಾಯ" ಎಂದಳು. ದನಿ ಬಂತು, ಆದರೆ ಸೊಳ್ಳೆಯ ಗುಂಯ್‌ಗಿಂತ ಸಣ್ಣದು. ತಂತಿ ಜೋಲುಬಿದ್ದಿತ್ತು. ಬಿರಟೆ ತಿರುಗಿಸಿ ಬಿಗಿದಳು. ಹದ್ದಿನ ಕೂಗಿಗೆ ಗೋಪುರವೇ ನಡುಗಿತು.

ಉಡದ ಕೊಕ್ಕೆಯನ್ನೂ ಸಿಕ್ಕಿಸಿ "ಗಾಳಿರಾಯ" ಎಂದು ಮತ್ತೆ ಹದ್ದನ್ನೇ ಕರೆದಳು. ಎರಡು ದನಿ ಒಟ್ಟಿಗೆ ಬಂದು ಕಲಸಿಹೋದವು. ಹದ್ದನ್ನು ಕಳಚಿ ಅದೇ ಹೆಸರನ್ನು ಇನ್ನೊಮ್ಮೆ ಕರೆದಳು. ಉಡ ಓಗೊಟ್ಟಿತು.

"ನೀನು ಕೆಂಡರಾಯನಲ್ಲವೇನೋ?"

"ಆ ಹೆಸರನ್ನು ಮಾಂತ್ರಿಕ ಒಯ್ದ. ಬದಲಿಗೆ ಇದನ್ನು ಕೊಟ್ಟ. ಚೆನ್ನಾಗಿದೆ ಅನ್ನಿಸಿತು."

"ಅದು ಹದ್ದಿನ ಹೆಸರು ಕಣೋ, ಪೆದ್ದ. ಕೆಂಡರಾಯ, ಕೆಂಡರಾಯ, ಕೆಂಡರಾಯ."

ಮೂರನೆಯ ಕರೆಗೆ ಹೆಸರು ಉಡಕ್ಕೆ ಮರಳಿತು. ಆ ಕ್ಷಣವೇ, ಹೆಸರು ಕದ್ದ ತಪ್ಪಿಗೆ, ಮಾಂತ್ರಿಕನ ಸ್ವಂತ ಹೆಸರು ಎಲ್ಲರಿಗೂ ಮರೆತುಹೋಯಿತು. ರಾಣಿ ಅವನನ್ನು ಶಪಿಸಲು ಬಾಯ್ತೆರೆದಳು, ಏನೆಂದು ಕರೆಯುವುದೋ ತೋಚಲಿಲ್ಲ. ಹೆಸರಿಲ್ಲದವನ ಮಾತನ್ನು ಅವನ ಮಂತ್ರಗಳೂ ಕೇಳಲಿಲ್ಲ. ಕನ್ನಡಿ ಎತ್ತಿಕೊಂಡು ಮೆಟ್ಟಿಲಿಳಿದವನು ಮತ್ತೆ ಕಾಣಲಿಲ್ಲ.

ಮೊದಲ ಹನಿ ಬಿತ್ತು. ಹೊನ್ನಿ ಹದ್ದನ್ನೂ ಆಮೆಯನ್ನೂ ಸಿಕ್ಕಿಸಿದಳು. ಇಡೀ ತಂತಿ ಸತ್ತಂತಾಯಿತು. ಬೆರಳಿಟ್ಟು ನೋಡಿದಳು. ಆಚೆ ಯಾರೋ ಕಚ್ಚಿ ಹಿಡಿದಂತಿತ್ತು.

ಆಗ ಅವಳಿಗೆ ಹೊಳೆಯಿತು. ಅಪ್ಪ ಹೋದದ್ದು ಆಮೆಯ ಮಾತಿನ ನಡುವೆ. ಹೂಂ ಬಾರದೆ ಅದು ತಂತಿ ಬಿಟ್ಟಿಲ್ಲ.

"ಹೂಂ" ಎಂದಳು ಹೊನ್ನಿ.

ತಂತಿ ಮಿಡುಕಿತು. "...ಮೊನ್ನೆ ಕೆರೆ ತುಂಬಲು ಎರಡು ಮೆಟ್ಟಿಲು ಬಾಕಿ ಇತ್ತು" ಎಂದಿತು ಆಮೆ. "ಇದು ಬೊಮ್ಮಯ್ಯನ ದನಿಯಲ್ಲ."

"ಅಪ್ಪ ಇಲ್ಲ, ತಾತ."



"ಹೂಂ" ಎಂದಿತು ಆಮೆ. ಆಮೇಲೆ, "ಈಗ ನೀರು ಏರಿಯ ಅಂಚಿಗೆ ಬಂದಿದೆ, ಮಗಳೇ. ತೂಬು ಎತ್ತಿಸು."

ನಗಾರಿ ಮೊಳಗಿತು, ತೂಬು ಎದ್ದಿತು, ನೀರು ಕಾಲುವೆಗಳಲ್ಲಿ ಕುಣಿಯುತ್ತ ಹೋಯಿತು.

ಅಂದು ಕೆಳಕೇರಿಯ ಒಂದು ಒಲೆಯೂ ನೆನೆಯಲಿಲ್ಲ.